ಕಾರಿನ ಎಂಜಿನ್ನು: ಬೇಕಾದ ಬಿಸಿ, ಬೇಡವಾದ ಬಿಸಿ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಕಿಡಿ ಹಾರಿ ಇಂಧನ ಹೊತ್ತಿಕೊಂಡ ಗಳಿಗೆಯಲ್ಲಿ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಉರಿಯನ್ನು ಸುತ್ತುವರಿದಿರುವ ಪಿಸ್ಟನ್ನು, ಸಿಲಿಂಡರ್ ಹೆಡ್ಡು ಎರಡೂ ಇಂದಿನ ಕಾರುಗಳಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದವು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಆದರೂ ಎಂಜಿನ್ನು ಕರಗದೆ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ. ಉರಿ ಇರುವುದು ಸೆಕೆಂಡಿನ ಒಂದು ಚೂರು ಹೊತ್ತು. ಅದರ ಬೆನ್ನಿಗೇ ಹೊಸ ಗಾಳಿ ಒಳಗೆ ಬರುತ್ತದೆ. ಲೋಹದ ಗೋಡೆಯ ಹಿಂಬದಿಯಲ್ಲಿ ಬಿಡುವಿಲ್ಲದೆ ಹರಿಯುವ ದ್ರವವು ಗೋಡೆಗೆ ತಾಗಿದ ಬಿಸಿಯನ್ನು ಆಗಿಂದಾಗ ಹೊತ್ತೊಯ್ಯುತ್ತದೆ.

ಎಂಜಿನ್ನಿಗೆ ಹಾಕಿದ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಗಾಲಿ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಉಳಿದ ಪಾಲನ್ನು ಹೊರುವುದು ತಂಪು ವ್ಯವಸ್ಥೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ತಾಸಿಗೆ 60 ಕಿ.ಮೀ. ವೇಗದಲ್ಲಿ ಹೊರಟರೆ ತಾಸಿಗೆ 4 ಲೀಟರ್ ಪೆಟ್ರೋಲ್ ಸುಡುತ್ತದೆ. ಒಂದು ಲೀಟರಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುತ್ತದೆ. ಮೂರನೆಯ ಒಂದು ಪಾಲನ್ನು ಲೆಕ್ಕ ಹಾಕಿದರೆ ತಂಪು ವ್ಯವಸ್ಥೆಯ ಹೊರೆ ಸುಮಾರು 12 ಕಿಲೋವ್ಯಾಟ್ ಆಗುತ್ತದೆ. ಬಚ್ಚಲುಮನೆಯ ಆರು ಗೀಸರುಗಳು ಒಟ್ಟಿಗೆ, ಆರಿಸದೆ, ಉರಿದಷ್ಟು. ಸಣ್ಣ ಕಾರಿನ ವ್ಯವಸ್ಥೆಯಲ್ಲಿ ಇರುವ ದ್ರವವಾದರೂ ಎಷ್ಟು? ನಾಲ್ಕೈದು ಲೀಟರ್. ಎಂಜಿನ್ನಿನ ಲೋಹ ಹೀರುವ ಬಿಸಿಯನ್ನು ಬದಿಗಿಟ್ಟು ನೋಡಿದರೆ, 30 ಡಿಗ್ರಿಯಲ್ಲಿರುವ ಅಷ್ಟು ನೀರನ್ನು ಈ 12 ಕಿಲೋವ್ಯಾಟ್ ಎರಡೇ ನಿಮಿಷದಲ್ಲಿ ಕುದಿಯಲು ಹಚ್ಚುತ್ತದೆ. ಕಾರಿನ ದ್ರವ ಕುದಿಯದೆ ಉಳಿಯುವುದು, ಹೊತ್ತ ಬಿಸಿಯನ್ನು ಅದು ನಿಮಿಷಕ್ಕೆ ಹಲವು ಸಲ ರೇಡಿಯೇಟರಿಗೆ ಒಯ್ದು ಇಳಿಸಿ ಬರುವುದರಿಂದ.

ಹಾಗೆಂದು ಎಂಜಿನ್ನು ತಣ್ಣಗಿರಬೇಕು ಎಂದು ಈ ವ್ಯವಸ್ಥೆಯನ್ನು ಕಟ್ಟಿಲ್ಲ. ಕೂಲಂಟಿನ, ಅಂದರೆ ಬಿಸಿ ಹೊರುವ ಈ ದ್ರವದ, ಉಷ್ಣತೆ 90 ಡಿಗ್ರಿಯ ಆಸುಪಾಸಿನಿಂದ 105ರವರೆಗೆ ಇದ್ದಾಗಲೇ ಎಂಜಿನ್ನು ಹದವಾಗಿ ಕೆಲಸ ಮಾಡುತ್ತದೆ. ಇಂಧನ ಪೂರ್ತಿ ಆವಿಯಾಗುವುದು, ಆಯಿಲ್ ಸರಿಯಾದ ತೆಳುವಿಗೆ ಬರುವುದು, ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು ವಿನ್ಯಾಸಕಾರ ಎಣಿಸಿದಷ್ಟೇ ಉಳಿಯುವುದು ಈ ಬಿಸಿಯಲ್ಲಿ. ಬೇಡವಾದ ಬಿಸಿಯನ್ನು ಹೊರಗೆ ಹಾಕುವುದು, ಬೇಕಾದ ಬಿಸಿಯನ್ನು ಬಿಟ್ಟುಕೊಡದೆ ಹಿಡಿಯುವುದು: ಮುಂದೆ ಹೇಳುವ ಒಂದೊಂದು ಭಾಗವೂ ಈ ಎರಡರಲ್ಲಿ ಒಂದು ಕೆಲಸಕ್ಕೆ ಇದೆ. ಗ್ಯಾರೇಜುಗಳಲ್ಲಿ ನಡೆಯುವ ಹಲವು ತಪ್ಪುಗಳು ಎರಡನೆಯ ಕೆಲಸವನ್ನು ಮರೆತದ್ದರಿಂದ ಆಗುವಂಥವು.

ಮೊದಲ ಕಾರುಗಳಿಗೆ ಈ ಸೂಕ್ಷ್ಮವಿರಲಿಲ್ಲ. 1886ರಲ್ಲಿ ಕಾರ್ಲ್ ಬೆಂಝ್ ಪೇಟೆಂಟ್ ಪಡೆದ ಮೂರು ಗಾಲಿಯ ಗಾಡಿಯಲ್ಲಿ ನೀರು ಕುದ್ದು ಆವಿಯಾಗಿ ಹೋಗುತ್ತಿತ್ತು, ಹೋದಷ್ಟನ್ನು ಮತ್ತೆ ಸುರಿಯಬೇಕಿತ್ತು. 1888ರ ಆಗಸ್ಟಿನಲ್ಲಿ ಆತನ ಹೆಂಡತಿ ಬರ್ಥಾ ಬೆಂಝ್ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಮಕ್ಕಳನ್ನು ಕೂಡಿಸಿಕೊಂಡು ಹೊರಟಾಗ ದಾರಿಯುದ್ದಕ್ಕೂ ನೀರು ತುಂಬಿಕೊಳ್ಳುತ್ತ ಹೋಗಬೇಕಾಯಿತು. 1900ರ ಸುಮಾರಿಗೆ ವಿಲ್ಹೆಲ್ಮ್ ಮೈಬಾಖ್ ಸಾವಿರಾರು ಸಣ್ಣ ಕೊಳವೆಗಳ ಜೇನುಗೂಡು ರೇಡಿಯೇಟರ್ ತಂದ ಮೇಲೆ ಅದೇ ನೀರು ತಿರುತಿರುಗಿ ಬಳಕೆಗೆ ಬರುವಂತಾಯಿತು. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ, ಮೊದಲ ಕೆಲವು ಸಾವಿರವನ್ನು ಬಿಟ್ಟರೆ, ನೀರಿನ ಪಂಪೇ ಇರಲಿಲ್ಲ. ಕಾಯ್ದ ನೀರು ಹಗುರಾಗಿ ಮೇಲೇರುತ್ತಿತ್ತು, ರೇಡಿಯೇಟರಿನಲ್ಲಿ ಆರಿದ ನೀರು ಕೆಳಗಿಳಿದು ಅದರ ಜಾಗಕ್ಕೆ ಬರುತ್ತಿತ್ತು. ನಮ್ಮ ಕಡೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡುತ್ತಿದ್ದ ಕಾಲಕ್ಕೆ ಪಂಪು, ಬೆಲ್ಟಿನಿಂದ ತಿರುಗುವ ಫ್ಯಾನು ಎರಡೂ ಇದ್ದವು. ಆದರೆ ಬೆಳಗ್ಗೆ ಎದ್ದು ಬಾನೆಟ್ ತೆಗೆದು ರೇಡಿಯೇಟರಿಗೆ ತಂಬಿಗೆ ನೀರು ಹಾಕುವುದು ಚಾಲಕನ ನಿತ್ಯಕರ್ಮವಾಗಿತ್ತು. 1983ರ ಕೊನೆಗೆ ಮಾರುತಿ 800 ಬಂತು, ಅದರ ಹಿಂದೆಯೇ ಮುಚ್ಚಿದ ವ್ಯವಸ್ಥೆಯೂ ವಿದ್ಯುತ್ ಫ್ಯಾನೂ ಮನೆಮನೆಗೆ ಬಂದವು. ಕಾರು ಬದಲಾದರೂ ತಂಬಿಗೆಯ ರೂಢಿ ಬದಲಾಗಲಿಲ್ಲ. ಸುಸ್ಥಿತಿಯಲ್ಲಿರುವ ಇಂದಿನ ಕಾರಿಗೆ ಪದೇಪದೇ ನೀರು ಬೇಕಾಗುವುದೇ ಇಲ್ಲ. ವಾರಕ್ಕೊಮ್ಮೆ ಮಟ್ಟ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಸುರಿದು ಸುಮ್ಮನಾದರೆ ಆ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ.

ಕೂಲಂಟಿನ ದಾರಿ ಪಂಪಿನಿಂದ ಶುರುವಾಗುತ್ತದೆ. ಗ್ಯಾರೇಜಿನವರು ವಾಟರ್ ಬಾಡಿ ಎನ್ನುವುದು ಈ ಪಂಪಿಗೇ. ಎಂಜಿನ್ನಿನ ಬೆಲ್ಟು ಅದನ್ನು ತಿರುಗಿಸುತ್ತದೆ. ಕೆಲವು ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟೇ ತಿರುಗಿಸುತ್ತದೆ. ಪಂಪು ತಳ್ಳಿದ ದ್ರವ ಸಿಲಿಂಡರುಗಳ ಸುತ್ತಲಿನ ಪೊಳ್ಳಿನಲ್ಲಿ ಹಾಯ್ದು, ಹೆಡ್ ಗ್ಯಾಸ್ಕೆಟಿನ ತೂತುಗಳ ಮೂಲಕ ಮೇಲಿನ ಹೆಡ್ಡಿಗೆ ಏರುತ್ತದೆ. ಅಲ್ಲಿ ಎಕ್ಸಾಸ್ಟ್ ವಾಲ್ವುಗಳ ನಡುವಿನ ಲೋಹ ಇಡೀ ಎಂಜಿನ್ನಿನಲ್ಲೇ ಹೆಚ್ಚು ಕಾಯುವ ಜಾಗಗಳಲ್ಲೊಂದು. ಅಲ್ಲಿಂದ ದ್ರವ ಥರ್ಮೋಸ್ಟಾಟ್ ಎದುರಿಗೆ ಬಂದು ನಿಲ್ಲುತ್ತದೆ. ಥರ್ಮೋಸ್ಟಾಟ್ ಮುಚ್ಚಿದ್ದರೆ ಸಣ್ಣ ಸುತ್ತಿನಲ್ಲೇ ಪಂಪಿಗೆ ಮರಳುತ್ತದೆ. ತೆರೆದಿದ್ದರೆ ರೇಡಿಯೇಟರಿಗೆ ಹೋಗಿ, ಚಪ್ಪಟೆ ಕೊಳವೆಗಳಲ್ಲಿ ಹರಿದು, ಅವಕ್ಕೆ ಅಂಟಿದ ತೆಳು ರೆಕ್ಕೆಗಳಿಂದ ಗಾಳಿಗೆ ಬಿಸಿ ಕೊಟ್ಟು, ಆರಿ, ಪಂಪಿಗೆ ಬರುತ್ತದೆ. ಇನ್ನೊಂದು ಕವಲು ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರಿಗೆ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಹೀಟರ್ ಹಾಕುವವರು ಅಪರೂಪ, ಆದರೆ ಆ ಸಣ್ಣ ರೇಡಿಯೇಟರಿಗೂ ಒಂದು ಕೆಲಸವಿದೆ. ಅದು ಮುಂದೆ ಬರುತ್ತದೆ.

ಥರ್ಮೋಸ್ಟಾಟ್ ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣ ವಸ್ತು. ನಡುವಿನ ಹಿತ್ತಾಳೆಯ ಗುಂಡಿಯೊಳಗೆ ಮೇಣ ತುಂಬಿರುತ್ತದೆ. ನಿರ್ದಿಷ್ಟ ಉಷ್ಣತೆಗೆ ಮೇಣ ಕರಗಿ ಉಬ್ಬಿ, ಒಂದು ಕಡ್ಡಿಯನ್ನು ಹೊರದೂಡುತ್ತದೆ. ಸ್ಪ್ರಿಂಗಿನ ಬಿಗಿಯನ್ನು ಮೀರಿ ವಾಲ್ವು ಬಾಯಿ ಬಿಡುತ್ತದೆ. ಬಿಸಿ ಇಳಿದರೆ ಮೇಣ ಗಟ್ಟಿಯಾಗಿ ವಾಲ್ವು ಮುಚ್ಚಿಕೊಳ್ಳುತ್ತದೆ. ವಿದ್ಯುತ್ತು ಬೇಡ, ತಂತಿ ಬೇಡ. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ರೂಪಿಸಿದ ಈ ಉಪಾಯ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಅದರ ಮೈಮೇಲೆ 82 ಅಥವಾ 88 ಎಂಬಂಥ ಅಂಕಿ ಒತ್ತಿರುತ್ತಾರೆ. ವಾಲ್ವು ತೆರೆಯಲು ತೊಡಗುವ ಉಷ್ಣತೆ ಅದು. ಪೂರ್ತಿ ತೆರೆಯಲು ಇನ್ನೂ 10-15 ಡಿಗ್ರಿ ಬೇಕು. ಮೇಣದ ಗುಂಡಿ ಕೆಟ್ಟಾಗ ವಾಲ್ವು ಮುಚ್ಚಿಕೊಂಡೇ ಸಿಕ್ಕಿಬೀಳುವುದುಂಟು. ಆಗ ರೇಡಿಯೇಟರಿಗೆ ದ್ರವ ಹೋಗದೆ ಎಂಜಿನ್ನು ಕುದಿಯುತ್ತದೆ. ಇದಕ್ಕೆ ಗ್ಯಾರೇಜಿನ ಸುಲಭದ ಮದ್ದು ವಾಲ್ವನ್ನೇ ಕಿತ್ತು ಬಿಸಾಡುವುದು. ನಮ್ಮದು ಬಿಸಿಲ ಸೀಮೆ, ಇಲ್ಲಿ ಇದರ ಅವಶ್ಯಕತೆ ಇಲ್ಲ ಎಂಬ ಸಮಜಾಯಿಷಿಯೂ ಜೊತೆಗೆ ಸಿಗುತ್ತದೆ.

ಈ ಮದ್ದು ತಪ್ಪು. ವಾಲ್ವಿಲ್ಲದ ಎಂಜಿನ್ನು ಹುಬ್ಬಳ್ಳಿಯ ಏಪ್ರಿಲ್ ಬಿಸಿಲಲ್ಲೂ ಖಾಲಿ ಹೆದ್ದಾರಿಯ ಮೇಲೆ 90 ಡಿಗ್ರಿ ಮುಟ್ಟದೆ ಓಡಬಹುದು. ಎಂಜಿನ್ನು ಇನ್ನೂ ತಣ್ಣಗಿದೆ ಎಂದು ಉಷ್ಣತೆಯ ಸೆನ್ಸರ್ ಹೇಳುತ್ತಲೇ ಇರುತ್ತದೆ, ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚಿಗೆ ಬಿಡುತ್ತಲೇ ಇರುತ್ತದೆ. ಉರಿಯದ ಪೆಟ್ರೋಲು, ಉರಿದಾಗ ಹುಟ್ಟಿದ ನೀರು ಎರಡೂ ಆಯಿಲ್‌ಗೆ ಇಳಿದು ಅಲ್ಲಿಂದ ಆವಿಯಾಗಿ ಹೋಗದೆ ಉಳಿಯುತ್ತವೆ. ಆಯಿಲ್ ಹುಳಿಯಾಗುತ್ತದೆ, ಕೆಸರುಗಟ್ಟುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಟ್ಟ ವಾಲ್ವಿಗೆ ಹೊಸ ವಾಲ್ವೇ ಪರಿಹಾರ. ಹಳೆಯದು ಕೆಟ್ಟಿದೆಯೇ ಎಂದು ನೋಡಲು ಅದನ್ನು ಪಾತ್ರೆಯ ನೀರಿನಲ್ಲಿ ದಾರಕ್ಕೆ ತೂಗುಬಿಟ್ಟು ಕಾಯಿಸುತ್ತಾರೆ. ಊರಿನ ಎತ್ತರವೂ ಈ ಪರೀಕ್ಷೆಯ ಲೆಕ್ಕಕ್ಕೆ ಬರುತ್ತದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಮೇಲಿದೆ, ಧಾರವಾಡ ಇನ್ನೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೆ ಮೊದಲೇ ಕುದಿಯುತ್ತದೆ, ಕುದಿಯತೊಡಗಿದ ಮೇಲೆ ಎಷ್ಟು ಉರಿ ಹಚ್ಚಿದರೂ ಬಿಸಿ ಏರುವುದಿಲ್ಲ. 82ರ ವಾಲ್ವು ಆ ಪಾತ್ರೆಯಲ್ಲಿ ಚೆನ್ನಾಗಿ ಬಾಯಿ ಬಿಡುತ್ತದೆ. 88ರದ್ದು ಅರೆಬರೆ ತೆರೆದು ನಿಂತರೆ ಅದು ಕೆಟ್ಟಿದೆ ಎನ್ನುವಂತಿಲ್ಲ.

ಅದೇ 98 ಡಿಗ್ರಿಯ ಮಿತಿ ಎಂಜಿನ್ನಿಗೂ ತೊಡಕು. 105 ಡಿಗ್ರಿಯಲ್ಲಿ ನಡೆಯಬೇಕಾದ ವ್ಯವಸ್ಥೆಯ ನೀರು 98ಕ್ಕೇ ಕುದಿದರೆ ನಡೆಯದು. ಆವಿಯ ಗುಳ್ಳೆ ಕೂತ ಜಾಗದಲ್ಲಿ ಲೋಹದ ಬಿಸಿ ದ್ರವಕ್ಕೆ ದಾಟುವುದಿಲ್ಲ, ಅಷ್ಟು ಜಾಗ ಸುಡತೊಡಗುತ್ತದೆ. ಇದಕ್ಕಾಗಿಯೇ ರೇಡಿಯೇಟರಿನ ಮುಚ್ಚಳದಲ್ಲಿ ಸ್ಪ್ರಿಂಗ್ ಇರುವುದು. ಸಾಮಾನ್ಯ ಕಾರಿನ ಮುಚ್ಚಳ ಹೊರಗಿನ ಗಾಳಿಯ ಒತ್ತಡಕ್ಕಿಂತ 0.9ರಿಂದ 1.1 ಬಾರ್‌ನಷ್ಟು ಹೆಚ್ಚು ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. 1 ಬಾರ್ ಹಿಡಿದರೆ ಹುಬ್ಬಳ್ಳಿಯಲ್ಲಿ ಬರಿ ನೀರು ಕೂಡ ಸುಮಾರು 119 ಡಿಗ್ರಿಯವರೆಗೆ ಕುದಿಯದೆ ತಡೆಯುತ್ತದೆ. ಅರ್ಧ ಗ್ಲೈಕಾಲ್ ಬೆರೆಸಿದ್ದರೆ ಇನ್ನೂ ಎಂಟು-ಹತ್ತು ಡಿಗ್ರಿ ಹೆಚ್ಚು. ಒತ್ತಡ ಮಿತಿ ಮೀರಿದರೆ ಸ್ಪ್ರಿಂಗು ಸರಿದು ದ್ರವ ಪಕ್ಕದ ಡಬ್ಬಿಗೆ ಹೋಗುತ್ತದೆ. ಎಂಜಿನ್ನು ಆರಿ ಒಳಗೆ ನಿರ್ವಾತವಾದಾಗ ಮುಚ್ಚಳದಲ್ಲಿರುವ ಇನ್ನೊಂದು ಸಣ್ಣ ವಾಲ್ವು ತೆರೆದು ಆ ದ್ರವವನ್ನೇ ಮರಳಿ ಎಳೆದುಕೊಳ್ಳುತ್ತದೆ. ಮುಚ್ಚಳದ ರಬ್ಬರು ಬಿರಿದರೆ ಈ ಎರಡೂ ಕೆಡುತ್ತವೆ. ಅಗ್ಗದ ಮುಚ್ಚಳವನ್ನು ಬದಲಿಸುವ ಬದಲು ರೇಡಿಯೇಟರನ್ನೇ ಬದಲಿಸಿದ ಉದಾಹರಣೆಗಳು ಕಡಿಮೆಯಿಲ್ಲ.

ಬಿಸಿಯಾಗಿರುವಾಗ ಮುಚ್ಚಳ ತೆಗೆಯಬಾರದು ಎಂಬ ಎಚ್ಚರಿಕೆಗೆ ಕಾರಣವೂ ಈ ಒತ್ತಡವೇ. ಒಳಗೆ 110 ಡಿಗ್ರಿಯ ನೀರು ಇದೆ ಎಂದುಕೊಳ್ಳೋಣ. ಒತ್ತಡ ಇರುವವರೆಗೆ ಅದು ದ್ರವವಾಗಿಯೇ ಇರುತ್ತದೆ, ಗುಳ್ಳೆಯೂ ಏಳುವುದಿಲ್ಲ. ಮುಚ್ಚಳ ತಿರುಗಿಸಿದ ಕೂಡಲೇ ಅದು 98 ಡಿಗ್ರಿಗೆ ಇಳಿಯಲೇಬೇಕು. ಹೆಚ್ಚಿನ 12 ಡಿಗ್ರಿಯ ಬಿಸಿ ನೀರಿನ ಒಂದಂಶವನ್ನು ಆ ಕ್ಷಣದಲ್ಲೇ ಆವಿ ಮಾಡುತ್ತದೆ. ತೂಕದಲ್ಲಿ ಇದು ನೂರಕ್ಕೆ ಎರಡರಷ್ಟು ಮಾತ್ರ. ಆದರೆ ಒಂದು ಲೀಟರ್ ನೀರಿನಿಂದ ಹೀಗೆ ಹುಟ್ಟುವ ಆವಿಯ ಗಾತ್ರ ಸುಮಾರು 40 ಲೀಟರ್. ಆ 40 ಲೀಟರ್ ಆವಿ ಹೆಬ್ಬೆರಳಿನ ಅಗಲದ ಬಾಯಿಯಿಂದ ಕುದಿನೀರನ್ನು ಹೊತ್ತುಕೊಂಡೇ ಚಿಮ್ಮುತ್ತದೆ, ಬಗ್ಗಿ ನೋಡುತ್ತಿರುವವನ ಮುಖ, ಕುತ್ತಿಗೆ, ಎದೆಗೆ ಬಡಿಯುತ್ತದೆ. ಎಂಜಿನ್ ನಿಲ್ಲಿಸಿ ಕನಿಷ್ಠ ಅರ್ಧ ಗಂಟೆ, ಕುದ್ದ ಗಾಡಿಯಾದರೆ ಅದಕ್ಕಿಂತ ಹೆಚ್ಚು ಹೊತ್ತು ಬಿಡಬೇಕು. ರೇಡಿಯೇಟರಿನ ಮೇಲಿನ ಪೈಪನ್ನು ಬಟ್ಟೆಯಿಂದ ಹಿಚುಕಿದಾಗ ಅದು ಮೆತ್ತಗಿದ್ದರೆ ಒತ್ತಡ ಇಳಿದಿದೆ ಎಂದು ತಿಳಿಯಬಹುದು. ಆಗಲೂ ದಪ್ಪ ಬಟ್ಟೆ ಹೊದಿಸಿ, ಮುಖ ದೂರವಿಟ್ಟು, ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ, ಉಸ್ಸೆನ್ನುವ ಸದ್ದು ಪೂರ್ತಿ ನಿಂತ ಮೇಲೆಯೇ ಮುಂದಿನ ತಿರುವು. ಹಾಗಿದ್ದೂ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು ಆಸ್ಪತ್ರೆಗೆ ಹೋಗಬೇಕು. ಟೂತ್‌ಪೇಸ್ಟು, ಶಾಯಿ ಬಳಿಯುವುದರಿಂದ ಗಾಯ ಕೆಡುವುದಷ್ಟೇ.

ಇನ್ನು ದ್ರವದ ವಿಚಾರ. ಬಿಸಿ ಹೊರುವುದರಲ್ಲಿ ನೀರನ್ನು ಮೀರಿಸುವ ಅಗ್ಗದ ದ್ರವ ಮತ್ತೊಂದಿಲ್ಲ. ಒಂದು ಕಿಲೋ ನೀರು ಒಂದು ಡಿಗ್ರಿ ಏರಲು 4.18 ಕಿಲೋಜೂಲ್ ಹೀರಿದರೆ ಎಥಿಲೀನ್ ಗ್ಲೈಕಾಲ್ ಸುಮಾರು 2.4 ಮಾತ್ರ ಹೀರುತ್ತದೆ. ಆದ್ದರಿಂದ ಗ್ಲೈಕಾಲನ್ನು ನೀರು ಬೆರೆಸದೆ ಹಾಕಿದರೆ ಎಂಜಿನ್ನು ಹೆಚ್ಚು ತಂಪಾಗುವ ಬದಲು ಹೆಚ್ಚು ಕಾಯುತ್ತದೆ. ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ ಎಂದು ಡಬ್ಬಿಯ ಮೇಲೆ ಅಚ್ಚು ಹಾಕುತ್ತಾರೆ. ಧಾರವಾಡ ಜಿಲ್ಲೆಗೆ ಆ ಗುಣದಿಂದ ಏನೂ ಆಗಬೇಕಿಲ್ಲ. ಇಲ್ಲಿ ಬೇಕಾದದ್ದು ಕುದಿಯುವ ಬಿಂದು ಮೇಲೇರುವುದು ಮತ್ತು ಅದಕ್ಕಿಂತ ಹೆಚ್ಚಾಗಿ ತುಕ್ಕು ತಡೆಯುವ ರಾಸಾಯನಿಕಗಳು. ಎಂಜಿನ್ನಿನಲ್ಲಿ ಅಲ್ಯೂಮಿನಿಯಂ, ಎರಕದ ಕಬ್ಬಿಣ, ತಾಮ್ರ, ಬೆಸುಗೆಯ ಲೋಹ ಎಲ್ಲವೂ ಒಂದೇ ದ್ರವದಲ್ಲಿ ಮುಳುಗಿರುತ್ತವೆ. ಬರಿ ನೀರಿನಲ್ಲಿ ಅವು ಒಂದನ್ನೊಂದು ಕೊರೆಯುತ್ತವೆ.

ನೀರಿಗೆ ಗ್ಲೈಕಾಲ್ ಕಡ್ಡಾಯವೇನಲ್ಲ ಎಂಬುದಕ್ಕೆ ಹುಬ್ಬಳ್ಳಿಯ ಡೀಸೆಲ್ ಲೋಕೋ ಶೆಡ್ಡೇ ಸಾಕ್ಷಿ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಟ್ಟದಲ್ಲಿ, 37ಕ್ಕೆ 1ರ ಏರಿನಲ್ಲಿ, ಸರಕು ಎಳೆಯುತ್ತ ಬಂದ 4000 ಅಶ್ವಶಕ್ತಿಯ ರೈಲು ಎಂಜಿನ್ನುಗಳಲ್ಲಿ ಸುಮಾರು ಸಾವಿರ ಲೀಟರ್ ದ್ರವವಿರುತ್ತದೆ. ಅದು ಖನಿಜ ತೆಗೆದ ನೀರಿಗೆ ತುಕ್ಕುನಿರೋಧಕ ಬೆರೆಸಿದ್ದು, ಗ್ಲೈಕಾಲ್ ಅಲ್ಲ. ಆದರೆ ಆ ನೀರನ್ನು ನಿಯಮಿತವಾಗಿ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಮನೆಯ ಕಾರಿಗೆ ಅಂಥ ಪ್ರಯೋಗಾಲಯವಿಲ್ಲ, ಆದ್ದರಿಂದ ತಯಾರಾಗಿ ಬಂದ ಕೂಲಂಟೇ ಕ್ಷೇಮ. ಭಾರತೀಯ ಮಾನಕ ಬ್ಯೂರೋದ ಐಎಸ್ 5759 ಎಂಬುದು ಈ ದ್ರವದ ಮಾನದಂಡ. ಡಬ್ಬಿ ಕೊಳ್ಳುವಾಗ ನೋಡಬೇಕಾದದ್ದು ಆ ಸಂಖ್ಯೆ, ಕಾರಿನ ಕೈಪಿಡಿ ಹೇಳಿದ ಜಾತಿ ಮತ್ತು ನೀರು ಬೆರೆಸಿದ್ದೋ ಬೆರೆಸಬೇಕಾದದ್ದೋ ಎಂಬುದು. ಬಣ್ಣಕ್ಕೆ ಯಾವ ಮಾನದಂಡವೂ ಇಲ್ಲ. ಹಳೆಯ ಮಾದರಿಯ ಸಿಲಿಕೇಟ್ ಕೂಲಂಟ್ ಬಹುಮಟ್ಟಿಗೆ ಹಸಿರು, ಅದರ ಆಯಸ್ಸು ಎರಡು ವರ್ಷದ ಆಸುಪಾಸು. ಸಾವಯವ ಆಮ್ಲದ ಮಾದರಿ ಕೆಂಪು, ಗುಲಾಬಿ ಅಥವಾ ಕಿತ್ತಳೆ, ಅದರದು ಐದು ವರ್ಷದವರೆಗೆ. ಆದರೆ ಒಂದು ಕಂಪನಿಯ ಹಸಿರು ಇನ್ನೊಂದರ ಕೆಂಪಿನ ಜಾತಿಯದೇ ಆಗಿರಬಹುದು. ಬೇರೆ ಬೇರೆ ಜಾತಿ ಬೆರೆತರೆ ತುಕ್ಕುನಿರೋಧಕಗಳು ಪರಸ್ಪರ ಕೆಡಿಸಿಕೊಂಡು, ಕೆಲವೊಮ್ಮೆ ಗಸಿಯಾಗಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತವೆ.

ಬೆರೆಸುವ ನೀರು ಯಾವುದು ಎಂಬ ಪ್ರಶ್ನೆ ಈ ಸೀಮೆಯಲ್ಲಿ ಗಂಭೀರವಾದದ್ದು. ಹುಬ್ಬಳ್ಳಿ-ಧಾರವಾಡ ಅವಳಿನಗರಕ್ಕೆ ನಲ್ಲಿಯಲ್ಲಿ ಬರುವ ಮಲಪ್ರಭೆಯ ನೀರಿಗೂ ನವಲಗುಂದ, ಅಣ್ಣಿಗೇರಿಯ ಎರೆಭೂಮಿಯ ಸವಳು ನೀರಿಗೂ ಬಹಳ ಅಂತರ. ಗಡಸು ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಯ್ದಾಗ ಬೇರ್ಪಟ್ಟು, ಅತಿ ಬಿಸಿಯಾದ ಜಾಗದಲ್ಲೇ, ಅಂದರೆ ಹೆಡ್ಡಿನ ಒಳಗೋಡೆಗೆ, ಬಿಳಿ ಪದರವಾಗಿ ಅಂಟುತ್ತವೆ. ಆ ಪದರ ಅಲ್ಯೂಮಿನಿಯಂಗಿಂತ ನೂರು ಪಟ್ಟಿಗೂ ಮಿಕ್ಕಿ ಕಡಿಮೆ ಬಿಸಿ ದಾಟಿಸುತ್ತದೆ. ಉಗುರಿನ ದಪ್ಪದ ಪದರವಾದರೂ ಸಾಕು, ಗೇಜಿನ ಮುಳ್ಳು ನಡುವೆಯೇ ನಿಂತಿದ್ದರೂ ಲೋಹ ಒಳಗೊಳಗೇ ಬೇಯುತ್ತದೆ. ಸವಳು ನೀರಿನ ಕ್ಲೋರೈಡು ಅಲ್ಯೂಮಿನಿಯಂನಲ್ಲಿ ಸೂಜಿಮೊನೆಯ ತೂತು ಕೊರೆಯುತ್ತದೆ. ಬ್ಯಾಟರಿಗೆ ಹಾಕಲು ಪೆಟ್ರೋಲ್ ಬಂಕಿನಲ್ಲಿ ಸಿಗುವ ಖನಿಜರಹಿತ ನೀರು ಇದಕ್ಕೆ ತಕ್ಕದ್ದು. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಕೊಳವೆಬಾವಿಯ ನೀರು ಹಾಕಿದರೆ ತಪ್ಪಲ್ಲ. ಊರು ಸೇರಿದ ಮೇಲೆ ಅದನ್ನು ಪೂರ್ತಿ ತೆಗೆದು ತೊಳೆದು ಹೊಸದು ತುಂಬದಿರುವುದು ತಪ್ಪು.

ಎಥಿಲೀನ್ ಗ್ಲೈಕಾಲ್ ವಿಷ, ಅದಕ್ಕೆ ಸಿಹಿ ರುಚಿಯೂ ಇದೆ. ವಯಸ್ಕನೊಬ್ಬನ ಪ್ರಾಣಕ್ಕೆ 100 ಮಿಲಿಲೀಟರಿನ ಆಸುಪಾಸು ಸಾಕು, ಮಗುವಿಗೆ ಎರಡು-ಮೂರು ಗುಟುಕು. ಮೊದಲು ಅಮಲೇರಿದಂತೆ ಕಾಣುತ್ತದೆ, ನಂತರ ಸ್ವಲ್ಪ ಸುಧಾರಿಸಿದಂತೆಯೂ ಅನ್ನಿಸಬಹುದು. ಅಷ್ಟರಲ್ಲಿ ಯಕೃತ್ತು ಅದನ್ನು ಆಕ್ಸಾಲಿಕ್ ಆಮ್ಲದವರೆಗೆ ಒಡೆದು, ಅದರ ಹರಳುಗಳು ಮೂತ್ರಪಿಂಡವನ್ನು ಕಟ್ಟಿಬಿಡುತ್ತವೆ. ಪ್ರತಿವಿಷ ಉಂಟು, ಅದು ಮೊದಲ ಕೆಲವು ತಾಸಿನೊಳಗೆ ಬಿದ್ದಷ್ಟೂ ಒಳ್ಳೆಯದು. ಉಳಿದ ಕೂಲಂಟನ್ನು ನೀರಿನ ಅಥವಾ ಶರಬತ್ತಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಮನೆಗಳಲ್ಲೂ ಇದೆ, ಗ್ಯಾರೇಜುಗಳಲ್ಲೂ ಇದೆ. ಅದು ಇಂದೇ ನಿಲ್ಲಬೇಕಾದದ್ದು. ನೆಲಕ್ಕೆ ಚೆಲ್ಲಿದ್ದನ್ನು ಬೀದಿನಾಯಿ, ಬೆಕ್ಕು ನೆಕ್ಕುತ್ತವೆ. ಚೆಲ್ಲಿದ ಜಾಗಕ್ಕೆ ಮಣ್ಣೋ ಮರದ ಹೊಟ್ಟೋ ಹಾಕಿ ಬಳಿದು, ಹೆಚ್ಚು ನೀರಿನಲ್ಲಿ ತೊಳೆಯಬೇಕು. ತೆಗೆದ ಹಳೆಯ ದ್ರವವನ್ನು ಚರಂಡಿಗೆ ಸುರಿಯದೆ ಮುಚ್ಚಳದ ಕ್ಯಾನಿನಲ್ಲಿ ಹಿಡಿದು, ಆಯಿಲ್ ತ್ಯಾಜ್ಯ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡಬೇಕು.

ರೇಡಿಯೇಟರಿನ ಒಳಗಿನಷ್ಟೇ ಹೊರಗೂ ಲಕ್ಷ್ಯ ಬೇಕು. ರೆಕ್ಕೆಗಳ ನಡುವಿನ ಸಂದು ಒಂದೆರಡು ಮಿಲಿಮೀಟರು, ಅದರಲ್ಲಿ ಗಾಳಿ ಹಾಯಬೇಕು. ಈ ಭಾಗದ ಕೆಂಪು ಧೂಳು, ಅಮರಗೋಳದ ಮಾರುಕಟ್ಟೆಗೆ ಹತ್ತಿ ಬರುವ ಹಂಗಾಮಿನಲ್ಲಿ ಲಾರಿಗಳಿಂದ ಹಾರುವ ಅರಳೆಯ ಎಳೆ, ಇವೆರಡೂ ಸೇರಿ ರೆಕ್ಕೆಗಳ ಮೇಲೆ ತೆಳು ಕಂಬಳಿಯನ್ನೇ ನೇಯುತ್ತವೆ. ಸುಗ್ಗಿಯಲ್ಲಿ ಕಡಲೆ, ಹೆಸರು, ಜೋಳವನ್ನು ರಸ್ತೆಯ ಮೇಲೆ ಹರಡಿ ವಾಹನಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ಪದ್ಧತಿಯೂ ಇದೆ. ಕಣಕ್ಕೆ ಜಾಗವಿಲ್ಲದ ರೈತನ ಕಷ್ಟ ಅರ್ಥವಾಗುವಂಥದ್ದೇ. ಆದರೂ ಅದರ ಮೇಲೆ ಹಾಯ್ದ ಕಾರಿನ ಹೊಟ್ಟೆಯ ಕೆಳಗೆ ಸಿಕ್ಕ ಒಣ ಮೇವು ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳಬಹುದು, ಗಾಳಿಗೆ ಎದ್ದ ಹೊಟ್ಟು ರೇಡಿಯೇಟರನ್ನು ಮುಚ್ಚಬಹುದು. ಅಂಥ ದಾರಿ ದಾಟಿದ ಮೇಲೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು. ರೇಡಿಯೇಟರಿನ ಮುಂದೆ ಎ.ಸಿ.ಯ ಕಂಡೆನ್ಸರ್ ಇರುತ್ತದೆ, ಕಸ ಹೆಚ್ಚಾಗಿ ಇವೆರಡರ ನಡುವೆ ಸಿಗುತ್ತದೆ. ಎಂಜಿನ್ ಆರಿರುವಾಗ, ಸಾಧಾರಣ ಪೈಪಿನ ನೀರನ್ನು ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ ಬಿಟ್ಟು ತೊಳೆಯಬೇಕು. ವಾಶಿಂಗ್ ಸೆಂಟರಿನ ಜೋರು ಧಾರೆಯನ್ನು ಹತ್ತಿರದಿಂದ ಹಿಡಿದರೆ ಕಾಗದದಷ್ಟು ತೆಳುವಾದ ರೆಕ್ಕೆಗಳು ಮಲಗಿಬಿಡುತ್ತವೆ. ಹಿಂದೆ ತಾಮ್ರ-ಹಿತ್ತಾಳೆಯ ರೇಡಿಯೇಟರುಗಳನ್ನು ಬೆಸುಗೆ ಹಾಕಿ ವರ್ಷಗಟ್ಟಲೆ ಓಡಿಸುವ ಕುಶಲಿಗಳು ಊರೂರಿಗೂ ಇದ್ದರು. ಇಂದಿನ ಅಲ್ಯೂಮಿನಿಯಂ ತಿರುಳು, ಪ್ಲಾಸ್ಟಿಕ್ ತೊಟ್ಟಿಯ ರೇಡಿಯೇಟರ್ ಆ ಕೈಗೆ ಒಗ್ಗುವುದಿಲ್ಲ, ಬಿರಿದರೆ ಬದಲಿಸುವುದೇ ದಾರಿ.

ರೇಡಿಯೇಟರ್ ಎಷ್ಟು ಬಿಸಿ ಬಿಡುತ್ತದೆ ಎಂಬುದು ಕೂಲಂಟಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಡಿಸೆಂಬರಿನ 20 ಡಿಗ್ರಿಯ ಮುಂಜಾನೆಯಲ್ಲಿ 90 ಡಿಗ್ರಿಯ ಕೂಲಂಟಿಗೆ 70 ಡಿಗ್ರಿಯ ಅಂತರ ಸಿಗುತ್ತದೆ. ಏಪ್ರಿಲಿನ 38 ಡಿಗ್ರಿಯ ಮಧ್ಯಾಹ್ನ 52 ಮಾತ್ರ. ಅದೇ ರೇಡಿಯೇಟರ್ ಕಾಲುಭಾಗ ಸಣ್ಣದಾದ ಹಾಗೆ. ಎ.ಸಿ. ಹಾಕಿದ್ದರೆ ಕಂಡೆನ್ಸರಿನ ಮೂಲಕ ಬರುವ ಗಾಳಿ ಇನ್ನೂ ಬಿಸಿಯಾಗಿರುತ್ತದೆ. ಉಣಕಲ್ಲಿನಿಂದ ನವನಗರದ ಕಡೆಗೆ ಸಂಜೆಯ ದಟ್ಟಣೆಯಲ್ಲಿ ನಿಂತ ಕಾರಿಗೆ ಎದುರುಗಾಳಿಯೂ ಇಲ್ಲ, ಎಲ್ಲ ಭಾರ ವಿದ್ಯುತ್ ಫ್ಯಾನಿನ ಮೇಲೆ. ಹೆದ್ದಾರಿಯಲ್ಲಿ ಸರಿಯಿದ್ದು ಸಿಗ್ನಲ್ಲಿನಲ್ಲಿ ಮಾತ್ರ ಕಾಯುವ ಗಾಡಿಯಲ್ಲಿ ಮೊದಲು ಫ್ಯಾನು, ಅದರ ರಿಲೇ, ಫ್ಯೂಸು ನೋಡಬೇಕು. ಸಿಗ್ನಲ್ಲಿನಲ್ಲಿ ಸರಿಯಿದ್ದು ಹೆದ್ದಾರಿಯ ವೇಗದಲ್ಲಿ ಕಾಯುವ ಗಾಡಿಯಲ್ಲಿ ರೇಡಿಯೇಟರಿನ ಒಳಗೆ ಕಟ್ಟಿಕೊಂಡದ್ದು, ಸೊರಗಿದ ಪಂಪು ಅಥವಾ ಅರ್ಧ ತೆರೆದ ಥರ್ಮೋಸ್ಟಾಟ್ ಕಾರಣ.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಘಟ್ಟದಲ್ಲಿ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಗೆ ಹೋದ ಕಾರುಗಳು ಮರಳುವಾಗ ಅರಬೈಲು ಘಟ್ಟ ಏರಬೇಕು. ಜನ, ಸಾಮಾನು ಸೇರಿ 1500 ಕಿಲೋ ತೂಗುವ ಕಾರನ್ನು 500 ಮೀಟರ್ ಎತ್ತಲು ಸುಮಾರು 73 ಲಕ್ಷ ಜೂಲ್ ಕೆಲಸ ಬೇಕು. ಮೂರು ಪಾಲಿನ ಲೆಕ್ಕದಲ್ಲಿ ಅಷ್ಟೇ ಬಿಸಿ ಕೂಲಂಟಿಗೂ ಇಳಿಯುತ್ತದೆ. ಹುಬ್ಬಳ್ಳಿಯ ಲೆಕ್ಕದಲ್ಲಿ 25 ಲೀಟರ್ ನೀರನ್ನು 28 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಬಲ್ಲ ಬಿಸಿ ಅದು, ಸಮತಟ್ಟಿನಲ್ಲಿ ಓಡುವಾಗ ಬರುವ ಬಿಸಿಯ ಮೇಲೆ ಹೆಚ್ಚುವರಿಯಾಗಿ. ಲಾರಿಗಳ ಬೆನ್ನ ಹಿಂದೆ ಎರಡನೆಯ ಗೇರಿನಲ್ಲಿ ತೆವಳುವಾಗ ಗಾಳಿಯೂ ಕಡಿಮೆ. ಏರು ಶುರುವಾಗುವ ಮೊದಲೇ ಎ.ಸಿ. ಆರಿಸಿ, ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಿರುವು ಕೊಂಚ ಹೆಚ್ಚೇ ಇರುವಂತೆ ನಡೆಸಿದರೆ ಪಂಪು ಚುರುಕಾಗಿ ತಿರುಗುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ನು ಏದುಸಿರು ಬಿಡುವಂತೆ ಎಳೆಸಿದರೆ ಬಿಸಿ ಹೆಚ್ಚು, ಹರಿವು ಕಡಿಮೆ.

ಗೇಜಿನ ಮುಳ್ಳು ಕೆಂಪಿನತ್ತ ಸರಿದರೆ ಎ.ಸಿ. ಆರಿಸಿ, ಕಿಟಕಿ ತೆಗೆದು, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ವೇಗಕ್ಕೆ ಹಾಕಬೇಕು. ಹಿಂದೆ ಹೇಳಿದ ಸಣ್ಣ ರೇಡಿಯೇಟರ್ ಕೆಲಸಕ್ಕೆ ಬರುವುದು ಇಲ್ಲಿ; ಒಳಗೆ ಕೂತವರಿಗೆ ಬೆವರು ಕಿತ್ತು ಬರುತ್ತದೆ, ಎಂಜಿನ್ನು ಉಳಿಯಬಹುದು. ಸುರಕ್ಷಿತ ಜಾಗ ಸಿಕ್ಕ ಕೂಡಲೇ ಬದಿಗೆ ನಿಲ್ಲಿಸಬೇಕು. ಆವಿ ಕಂಡರೆ, ಎಚ್ಚರಿಕೆಯ ಕೆಂಪು ದೀಪ ಹತ್ತಿದರೆ ಎಂಜಿನ್ ಆರಿಸಲೇಬೇಕು. ಆವಿ ಏಳುತ್ತಿರುವಾಗ ಬಾನೆಟ್ ಎತ್ತಬಾರದು. ಮುಳ್ಳು ಕೆಂಪಿನಿಂದ ತಟ್ಟನೆ ಕೆಳಗಿಳಿಯಿತೆಂದು ನೆಮ್ಮದಿಪಡುವಂತೆಯೂ ಇಲ್ಲ. ಕೂಲಂಟ್ ಪೂರ್ತಿ ಸೋರಿಹೋದಾಗ ಸೆನ್ಸರ್ ದ್ರವ ಬಿಟ್ಟು ಖಾಲಿ ಜಾಗದಲ್ಲಿ ಉಳಿಯುತ್ತದೆ, ಮುಳ್ಳು ತಣ್ಣಗಿದೆ ಎನ್ನುತ್ತದೆ, ಎಂಜಿನ್ನು ಒಳಗೆ ಸುಡುತ್ತಿರುತ್ತದೆ. ಕಾದ ಎಂಜಿನ್ನಿನ ಮೈಮೇಲೆ ತಣ್ಣೀರು ಸುರಿಯುವುದು, ಒಳಗೆ ಒಮ್ಮೆಲೇ ತಣ್ಣೀರು ತುಂಬುವುದು ಎರಡೂ ಲೋಹವನ್ನು ಬಿರಿಯಿಸಬಲ್ಲವು.

ಎಚ್ಚರ ತಪ್ಪಿದರೆ ಪೆಟ್ಟು ಬೀಳುವುದು ಹೆಡ್ಡಿಗೆ. 40 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಹೆಡ್ಡು ನೂರು ಡಿಗ್ರಿ ಹೆಚ್ಚು ಕಾಯ್ದರೆ 0.9 ಮಿ.ಮೀ. ಹಿಗ್ಗುತ್ತದೆ. ಕೆಳಗಿನ ಬ್ಲಾಕು ಎರಕದ ಕಬ್ಬಿಣದ್ದಾದರೆ ಅದು ಹಿಗ್ಗುವುದು ಇದರ ಅರ್ಧ ಮಾತ್ರ. ಬೋಲ್ಟುಗಳು ಬಿಗಿದಿರುವುದರಿಂದ ಹೆಡ್ಡು ಸರಿಯಲಾರದೆ ಸೊಟ್ಟಗಾಗುತ್ತದೆ. ಸಹಿಸಬಹುದಾದ ಸೊಟ್ಟು ಸಾಮಾನ್ಯವಾಗಿ 0.05 ಮಿ.ಮೀ. ಅಲ್ಲಿಂದಾಚೆ ಗ್ಯಾಸ್ಕೆಟ್ ಸೋಲುತ್ತದೆ. ಉರಿಯ ಅನಿಲ ಕೂಲಂಟಿಗೆ ನುಗ್ಗಿ ಡಬ್ಬಿಯಲ್ಲಿ ಎಡೆಬಿಡದೆ ಗುಳ್ಳೆ ಏಳುವುದು, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುವುದು, ಹೊರಗೆ ಹನಿಯೂ ಕಾಣದೆ ಮಟ್ಟ ಇಳಿಯುವುದು, ಆಯಿಲ್ ಮುಚ್ಚಳದ ಒಳಗೆ ಕೆನೆಗಟ್ಟಿದ ಕಂದು ಲೇಪ ಕಾಣುವುದು ಇದರ ಗುರುತುಗಳು. ಆಮೇಲೆ ಹೆಡ್ಡು ಇಳಿಸಿ, ಮಟ್ಟ ಹೆರೆಸಿ, ಹೊಸ ಗ್ಯಾಸ್ಕೆಟ್ ಹಾಕುವವರೆಗೆ ಗಾಡಿ ಓಡಿಸುವಂತಿಲ್ಲ.

ಮನೆಯಲ್ಲಿ ಮಾಡಬಹುದಾದ ಆರೈಕೆ ಹೆಚ್ಚಿಲ್ಲ. ವಾರಕ್ಕೊಮ್ಮೆ, ಎಂಜಿನ್ನು ತಣ್ಣಗಿರುವ ಬೆಳಗ್ಗೆ, ಅರೆಪಾರದರ್ಶಕ ಡಬ್ಬಿಯಲ್ಲಿ ದ್ರವ ಎರಡು ಗೆರೆಗಳ ನಡುವೆ ಇದೆಯೇ ಎಂದು ಹೊರಗಿನಿಂದಲೇ ನೋಡುವುದು. ಬಣ್ಣ ತುಕ್ಕಿನ ಕಡೆಗೆ ತಿರುಗಿದ್ದರೆ, ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ ವರ್ಕ್‌ಶಾಪಿಗೆ ಹೋಗುವುದು. ಪೈಪುಗಳನ್ನು ಹಿಚುಕಿ ನೋಡುವುದು. ಬಿರುಕು, ಉಬ್ಬು, ಅತಿ ಮೆದುವು ಮೂರೂ ಬದಲಿಸುವ ಸೂಚನೆ. ಪಂಪಿನ ಕೆಳಗೆ ಬೇಕೆಂದೇ ಬಿಟ್ಟ ಒಂದು ತೂತಿರುತ್ತದೆ, ಅಲ್ಲಿಂದ ಒಣಗಿದ ಬಣ್ಣದ ಕಲೆ ಇಳಿದಿದ್ದರೆ ಒಳಗಿನ ಸೀಲು ಹೋಗುತ್ತಿದೆ. ಪಂಪು ಟೈಮಿಂಗ್ ಬೆಲ್ಟಿನಿಂದ ನಡೆಯುವ ಎಂಜಿನ್ನುಗಳಲ್ಲಿ ಬೆಲ್ಟು ಬದಲಿಸುವಾಗಲೇ ಪಂಪನ್ನೂ ಬದಲಿಸುವುದು ಜಾಣತನ, ಬಿಚ್ಚುವ ಕೂಲಿ ಎರಡು ಸಲ ಬೀಳುವುದಿಲ್ಲ. ಬಾನೆಟ್ ತೆರೆದು ನಿಂತಾಗ ಕೀಲಿ ತೆಗೆದಿದ್ದರೂ ವಿದ್ಯುತ್ ಫ್ಯಾನು ತಾನಾಗಿಯೇ ತಿರುಗಬಹುದು. ಬೆರಳು, ಸೆರಗು, ದುಪಟ್ಟಾ ಅದರ ಹತ್ತಿರ ಸುಳಿಯಬಾರದು. ಕೂಲಂಟ್ ಬದಲಿಸುವುದು ಅವಧಿಗೆ ಸರಿಯಾಗಿ, ಎಂಜಿನ್ನು ಪೂರ್ತಿ ಆರಿದ ಮೇಲೆ. ಕೆಳಗಿನ ತಿರುಪಿನಿಂದ ಹಳೆಯದನ್ನು ಇಳಿಸಿ, ಖನಿಜರಹಿತ ನೀರಿನಿಂದ ತೊಳೆದು, ಹೊಸದನ್ನು ನಿಧಾನವಾಗಿ ತುಂಬಬೇಕು. ಗಾಳಿ ಒಳಗೆ ಸಿಕ್ಕಿಕೊಂಡರೆ ಹೊಸ ಕೂಲಂಟ್ ಹಾಕಿದ ದಿನವೇ ಗಾಡಿ ಕಾಯುತ್ತದೆ. ಆದ್ದರಿಂದ ಹೀಟರನ್ನು ತೆರೆದಿಟ್ಟು, ಕೈಪಿಡಿ ಹೇಳಿದ ತಿರುಪಿನಿಂದ ಗಾಳಿ ಬಿಟ್ಟು, ಫ್ಯಾನು ಒಮ್ಮೆ ಬಂದು ನಿಲ್ಲುವವರೆಗೆ ಎಂಜಿನ್ನು ನಡೆಸಿ, ಆರಿದ ಮೇಲೆ ಮಟ್ಟ ನೋಡಿ ಕಡಿಮೆ ಬಿದ್ದಷ್ಟನ್ನು ತುಂಬಬೇಕು. ಸೋರಿಕೆ ಮುಚ್ಚುವ ಪುಡಿ, ಅರಿಶಿನ ಮುಂತಾದವು ತೂತನ್ನು ಮುಚ್ಚುವುದರ ಜೊತೆಗೆ ಹೀಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತವೆ.

ಬ್ಯಾಟರಿ ಕಾರುಗಳಲ್ಲಿ ಸಿಲಿಂಡರೂ ಇಲ್ಲ, ಸೈಲೆನ್ಸರೂ ಇಲ್ಲ, ತಂಪು ವ್ಯವಸ್ಥೆ ಮಾತ್ರ ಉಳಿದಿದೆ. ಬ್ಯಾಟರಿಯ ಕೋಶಗಳಿಗೆ ಹಿತವಾದ ಉಷ್ಣತೆ ಮನುಷ್ಯರಿಗೆ ಹಿತವಾದದ್ದರ ಸುತ್ತಮುತ್ತ, 15ರಿಂದ 35 ಡಿಗ್ರಿ. 38 ಡಿಗ್ರಿಯ ಹೊರಗಿನ ಗಾಳಿಯಿಂದ ಅಷ್ಟು ತಂಪು ಸಿಗುವುದು ಅಸಾಧ್ಯ. ಹೀಗಾಗಿ ಹಲವು ಕಾರುಗಳಲ್ಲಿ ಎ.ಸಿ.ಯ ಅನಿಲವೇ ಬ್ಯಾಟರಿಯ ಕೂಲಂಟನ್ನು ತಣಿಸುತ್ತದೆ. ಹೈಬ್ರಿಡ್ ಕಾರುಗಳಲ್ಲಿ ಎಂಜಿನ್ನಿಗೊಂದು, ಇನ್ವರ್ಟರಿಗೊಂದು ಎಂದು ಎರಡು ಡಬ್ಬಿಗಳಿರುವುದುಂಟು. ಒಂದರದ್ದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಕೆಲವು ಕಂಪನಿಗಳು ಬ್ಯಾಟರಿಗೆಂದು ವಿದ್ಯುತ್ತನ್ನು ಹೆಚ್ಚು ಹರಿಯಗೊಡದ ಬೇರೆಯದೇ ಕೂಲಂಟ್ ಹೇಳುತ್ತವೆ. ಅಂಥ ಡಬ್ಬಿಗೆ ನಲ್ಲಿಯ ನೀರಂತೂ ಸಲ್ಲದು. ಈ ಕಾರುಗಳ ಬಾನೆಟ್ಟಿನ ಕೆಳಗೆ ಕಿತ್ತಳೆ ಬಣ್ಣದ ದಪ್ಪ ತಂತಿಗಳಲ್ಲಿ ಹರಿಯುವುದು ನೂರಾರು ವೋಲ್ಟ್. ಡಬ್ಬಿಯ ಮಟ್ಟ ನೋಡುವುದಕ್ಕಿಂತ ಹೆಚ್ಚಿನ ಕೆಲಸವೆಲ್ಲ ಅದರ ತರಬೇತಿ ಪಡೆದವರದು.